ಅತ್ತೆ ಬೊಟ್ಟಿಟ್ಟ ಹಿಂದಿನ ದೀಪಗಳು

ಮನುಷ್ಯನಿಗೆ ತನ್ನ ಬೆನ್ನು ಕಾಣುವುದಿಲ್ಲ. ಅದೊಂದು ಕೊರತೆಯೆಂದು ನನಗೆ ಬಹಳ ಕಾಲ ಅನ್ನಿಸಿರಲಿಲ್ಲ. ಬೆನ್ನ ಮೇಲೆ ಅಂಗಿ ಹರಿದಿದ್ದರೆ ನೋಡಿದವರು ಹೇಳುತ್ತಾರೆ, ಇಲ್ಲವೇ ನಕ್ಕು ಸುಮ್ಮನಾಗುತ್ತಾರೆ. ಎರಡರಿಂದಲೂ ನಮಗೇನೂ ಬಾಧೆಯಿಲ್ಲ ಎಂದುಕೊಂಡೇ ಅರ್ಧ ಆಯುಷ್ಯ ಕಳೆದವನು ನಾನು. ಕಾರು ಬಂದ ಮೇಲೂ ಇದೇ ನಂಬಿಕೆ ಮುಂದುವರಿಯಿತು. ನಮ್ಮ ಹಿಂದೂಪುರದ ಕಡೆ ಕಾರಿಗೆ ಇರುವ ಮರ್ಯಾದೆಯೆಲ್ಲ ಮುಂಭಾಗಕ್ಕೇ. ಒಳಗೆ ದೇವರ ಪುಟ್ಟ ವಿಗ್ರಹ, ಹೊರಗೆ ನಿಂಬೆಹಣ್ಣು ಮೆಣಸಿನಕಾಯಿ, ಕೈಗೆ ಸಿಗುವಂತೆ ಹಾರ್ನು. ಹಿಂಭಾಗ ಎಂಬುದು ಹಿಂದೆ ಬರುವವರ ತಲೆನೋವು. ಅದನ್ನು ನಾವೇಕೆ ತಲೆಗೆ ಹಚ್ಚಿಕೊಳ್ಳಬೇಕು?

ಈ ನೆಮ್ಮದಿ ಕಳೆದ ವಿಜಯದಶಮಿಯ ಸಂಜೆ, ಕಂಬದೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಮುಗಿಯಿತು. ಅಂದಿನಿಂದ ನಾನು ಕಾರಿನಲ್ಲಿ ನೆಟ್ಟಗೆ ಮುಂದೆ ನೋಡಿಕೊಂಡು ಕೂತವನಲ್ಲ. ಕುತ್ತಿಗೆ ನೋವೆಂದು ಹೋದರೆ ಡಾಕ್ಟರು, "ಕಂಪ್ಯೂಟರ್ ಮುಂದೆ ಜಾಸ್ತಿ ಕೂರ್ತೀರಾ?" ಎಂದು ಕೇಳಿದರು. ಇಲ್ಲ, ಲಾರಿಯ ಮುಂದೆ ಕೂರುತ್ತೇನೆ ಎನ್ನಲು ಸಂಕೋಚವಾಯಿತು. ಹಾಗೆ ನೋಡಿದರೆ ನನಗೇನೂ ಆಗಿಲ್ಲ, ಪಕ್ಕದಲ್ಲಿದ್ದ ನನ್ನ ಹೆಂಡತಿ ರತ್ನಳಿಗೂ ಏನೂ ಆಗಿಲ್ಲ. ಆಗದೆ ಉಳಿದದ್ದನ್ನೇ ನಾನು ದಿನವೂ ನೋಡುತ್ತಿದ್ದೇನೆ. ಆಗಿದ್ದನ್ನು ಮರೆಯಲು ಜನ ನಾನಾ ಉಪಾಯ ಹೇಳುತ್ತಾರೆ. ಆಗದ್ದನ್ನು ಮರೆಯುವುದು ಹೇಗೆಂದು ಯಾರಿಗೂ ಗೊತ್ತಿದ್ದಂತಿಲ್ಲ.

ನಾನು ಹಿಂದೂಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಅಪಾಯದ ದೀಪ ಕೆಂಪಗೇ ಏಕಿರಬೇಕು ಎಂಬುದನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಕೆಂಪು ಬೆಳಕಿನ ಅಲೆ ಉದ್ದ, ಗಾಳಿಯಲ್ಲಿ, ಧೂಳಿನಲ್ಲಿ ಕಡಿಮೆ ಚದುರುತ್ತದೆ, ಆದ್ದರಿಂದ ದೂರಕ್ಕೂ ಕಾಣುತ್ತದೆ. ಹಲಗೆಯ ಮೇಲೆ ಅಲೆಗಳನ್ನು ಚೆನ್ನಾಗಿ ಬರೆಯುತ್ತೇನೆಂದು ಹೆಸರೂ ಇದೆ. ಇದನ್ನೆಲ್ಲ ಪಾಠ ಮಾಡುತ್ತಿದ್ದ ಕಾಲದಲ್ಲೇ ನನ್ನ ಕಾರಿನ ಹಿಂದಿನ ಬಲದೀಪ ಸತ್ತು ಎಷ್ಟೋ ದಿನವಾಗಿತ್ತು. ನನಗೆ ತಿಳಿದಿರಲಿಲ್ಲ. ಊರಿಗೆಲ್ಲ ತಿಳಿದಿತ್ತು.

ಊರವರು ಹೇಳದೆ ಬಿಟ್ಟರು ಎನ್ನಲಾರೆ. ಸಂಜೆ ಹೊತ್ತು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದ ಬೈಕಿನವರು, ಆಟೋದವರು ಕೈ ಎತ್ತಿ ಐದು ಬೆರಳನ್ನೂ ಮುಚ್ಚಿ ತೆರೆದು, ಮುಚ್ಚಿ ತೆರೆದು ತೋರಿಸುತ್ತಿದ್ದರು. ಇಷ್ಟು ವರ್ಷ ಪಾಠ ಹೇಳಿದ ಮೇಲೆ ಹಳೆಯ ವಿದ್ಯಾರ್ಥಿಗಳು ಊರ ತುಂಬ ಇರುತ್ತಾರೆ. ಅವರೇ ಹೀಗೆ ಹೊಸ ಬಗೆಯಲ್ಲಿ ನಮಸ್ಕರಿಸುತ್ತಿದ್ದಾರೆಂದು ತಿಳಿದು ನಾನೂ ನಗುತ್ತ ಕೈ ಬೀಸುತ್ತಿದ್ದೆ. ಮನೆಗೆ ಬಂದು ರತ್ನಳಿಗೆ, "ಮೇಷ್ಟ್ರು ಅಂದ್ರೆ ಇನ್ನೂ ಬೆಲೆ ಇದೆ ಕಣೇ" ಎಂದೂ ಹೇಳಿದ್ದೆ. ಕೊನೆಗೆ ರೈಲ್ವೆ ಗೇಟಿನಲ್ಲಿ ಪಕ್ಕಕ್ಕೆ ಬಂದು ನಿಂತ ಲೇಪಾಕ್ಷಿಯ ಆಟೋದವನೊಬ್ಬ ತಲೆ ಹೊರಗೆ ಹಾಕಿ, "ಏನ್ ಸಾರ್ ನೀವು, ಹಿಂದೆ ಲೈಟಿಲ್ಲ ಅಂತ ತೋರ್ಸಿದ್ರೆ ಟಾಟಾ ಮಾಡ್ಕಂಡು ಹೋಯ್ತೀರಲ್ಲ!" ಎಂದ. ಗೇಟು ತೆರೆಯುವವರೆಗೆ ನಾನು ದೇವರ ವಿಗ್ರಹವನ್ನೇ ನೋಡುತ್ತ ಕೂತೆ.

ಹಿಂದಿನ ದೀಪವನ್ನು ಒಬ್ಬನೇ ಪರೀಕ್ಷಿಸುವಂತಿಲ್ಲ. ಒಬ್ಬರು ಒಳಗೆ ಬ್ರೇಕ್ ಒತ್ತಬೇಕು, ಇನ್ನೊಬ್ಬರು ಹಿಂದೆ ನಿಂತು ನೋಡಬೇಕು. ದಾಂಪತ್ಯವನ್ನೂ ಹೀಗೇ ಪರೀಕ್ಷಿಸಬಹುದೆಂದು ಆ ಭಾನುವಾರ ನನಗೆ ಗೊತ್ತಾಯಿತು. ನಾನು ಒಳಗೆ ಕೂತೆ. ಒಲೆಯ ಮೇಲೆ ಸಾರು ಬಿಟ್ಟು ಬಂದ ರತ್ನ ಹಿಂದೆ ನಿಂತಳು.

"ಒತ್ತಿದೀನಿ, ಬಂತಾ?"

ಉತ್ತರವಿಲ್ಲ.

"ಬಂತೇನೇ?"

"ಆಗ್ಲಿಂದ ತಲೆ ಆಡಿಸ್ತಾನೇ ಇದೀನಿ, ಕಾಣ್ಸಲ್ವಾ? ಒಂದು ಬಂದೈತೆ, ಒಂದು ಬಂದಿಲ್ಲ."

"ಯಾವುದು ಬಂದಿಲ್ಲ?"

"ಬಲಗಡೇದು."

ಇಲ್ಲಿ ನನ್ನ ವಿದ್ಯೆ ಮಧ್ಯೆ ಬಾಯಿ ಹಾಕಿತು. ಕನ್ನಡಿಯಲ್ಲಿ ನನಗೆ ರತ್ನಳ ಮುಖ ಕಾಣುತ್ತಿತ್ತು. ಮುಖ ಕಾಣುತ್ತದೆ ಎಂದರೆ ಅವಳು ನನ್ನ ಎದುರಿಗಿದ್ದಾಳೆ. ಎದುರಿಗಿದ್ದವರ ಬಲ ನಮಗೆ ಎಡ. ಆದ್ದರಿಂದ ಕೆಟ್ಟಿರುವುದು ಎಡದೀಪ. ಅವಳು ನಿಂತಿರುವುದು ನನ್ನ ಬೆನ್ನ ಹಿಂದೆ, ನಾನು ನೋಡುವ ಕಡೆಗೇ ಅವಳೂ ನೋಡುತ್ತಿದ್ದಾಳೆ ಎಂಬ ಸರಳ ಸಂಗತಿ ಆ ಕ್ಷಣಕ್ಕೆ ಹೊಳೆಯಲಿಲ್ಲ. "ನಿನ್ನ ಬಲ ಅಂದ್ರೆ ನನ್ನ ಎಡ" ಎಂದೆ. ರತ್ನ ನನ್ನನ್ನು ಒಂದು ಕ್ಷಣ ನೋಡಿ, "ಮದ್ವೆ ಆದಾಗ್ಲಿಂದ ಅದೇ ಅಲ್ವೇ?" ಎಂದು ಸಾರಿನ ಕಡೆ ಹೋದಳು.

ಎಡದೀಪ ಕೆಟ್ಟಿದೆಯೆಂದು ಬಾಷಾನ ಅಂಗಡಿಗೆ ಹೋದೆ. ಬಾಷಾ ಬಸ್ ಸ್ಟ್ಯಾಂಡಿನ ಹಿಂದೆ ಗಾಡಿಗಳ ಕರೆಂಟಿನ ಕೆಲಸ ಮಾಡುವವನು. ಮಾತಿಗೆ ತಪ್ಪುವ ಪೈಕಿಯಲ್ಲ, ಅಂದರೆ ಗಿರಾಕಿ ಏನು ಹೇಳುತ್ತಾನೋ ಅದನ್ನೇ ಮಾಡುತ್ತಾನೆ. ಎಡಗಡೆಯ ಸ್ಕ್ರೂಗಳು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಜೋರು ಮಾಡಿದಾಗ ಸ್ಕ್ರೂ ಬರದೆ ಕೆಂಪು ಗ್ಲಾಸೇ ಎರಡು ಹೋಳಾಗಿ ಬಂತು. ಒಳಗಿನ ಬಲ್ಬು ನಮ್ಮಿಬ್ಬರನ್ನೂ ನೋಡುತ್ತ ಚೆನ್ನಾಗಿ ಉರಿಯುತ್ತಿತ್ತು. "ಇದು ಬೇಷಾಗೈತಲ್ಲ ಸಾರ್" ಎಂದ ಬಾಷಾ. ನಾನು ಕೆಮ್ಮಿದೆ. ಬಲಗಡೆ ಬಿಚ್ಚಿ ನೋಡಿದರೆ ಬಲ್ಬಷ್ಟೇ ಅಲ್ಲ, ಅದು ಕೂರುವ ಹೋಲ್ಡರೂ ಪುಡಿಯಾಗಿತ್ತು. ಹೀಗೆ ಒಂದು ಬಲ್ಬಿಗೆಂದು ಹೋದವನ ಕಾರಿಗೆ ಎರಡೂ ಕಡೆ ಹೊಸ ದೀಪ ಕೂತವು. "ಜೋಡೀನೇ ಚೆಂದ ಬಿಡಿ ಸಾರ್. ಒಂದು ಹೊಸಾದು ಒಂದು ಹಳೇದು ಇದ್ರೆ ಮೆಳ್ಳೆಗಣ್ಣು ಇದ್ದಂಗೆ ಇರ್ತದೆ" ಎಂದು ಬಾಷಾ ಸಮಾಧಾನ ಮಾಡಿದ.

ಹೊಸ ದೀಪಗಳು ನಿಜಕ್ಕೂ ಚೆನ್ನಾಗಿದ್ದವು. ಕೆಂಪೆಂದರೆ ದಾಳಿಂಬೆ ಕಾಳಿನ ಕೆಂಪು. ಸಂಜೆಯಾದರೆ ರತ್ನಳನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ ನಾನು ಹಿಂದೆ ನಿಂತು ನೋಡುತ್ತಿದ್ದೆ. ಅವಳು ಹೊಸ ಸೀರೆ ಉಟ್ಟಾಗ ನಾನು ಹೀಗೆ ಒಮ್ಮೆಯೂ ನಿಂತು ನೋಡಿದ್ದಿಲ್ಲವಂತೆ. ಆಯುಧಪೂಜೆಗೆ ಕಲ್ಯಾಣದುರ್ಗದ ಅತ್ತೆಯ ಮನೆಗೆ ಹೊರಟಾಗ ನನಗೆ ಹಬ್ಬಕ್ಕಿಂತ ದೀಪಗಳನ್ನು ತೋರಿಸುವ ಉತ್ಸಾಹವೇ ಹೆಚ್ಚಾಗಿತ್ತು. ಅದೇ ತಪ್ಪಾದದ್ದು.

ನಮ್ಮ ಅತ್ತೆ ಆಯುಧಪೂಜೆಯಲ್ಲಿ ಯಾವ ಆಯುಧಕ್ಕೂ ಪಕ್ಷಪಾತ ಮಾಡುವವರಲ್ಲ. ಕುಡುಗೋಲು, ಹೊಲಿಗೆ ಮಿಷನ್ನು, ಮಿಕ್ಸಿ, ಬೋರ್‌ವೆಲ್ಲಿನ ಸ್ಟಾರ್ಟರು, ಟೀವಿಯ ರಿಮೋಟು, ಎಲ್ಲಕ್ಕೂ ಅರಿಶಿನ ಕುಂಕುಮ. ಬೆರಳ ತುದಿಯಲ್ಲಿ ಇಡುವ ಬೊಟ್ಟು ಅವರಿಗೆ ಒಗ್ಗುವುದಿಲ್ಲ. ಅರಿಶಿನಕ್ಕೆ ಗಂಧ ಸೇರಿಸಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಅಂಗೈಯಲ್ಲೇ ಬಳಿದು, ನಡುವೆ ಕುಂಕುಮ ಒತ್ತುತ್ತಾರೆ. ಕಾರಿನ ಮುಂಭಾಗಕ್ಕೆ ಪೂಜೆ ಮುಗಿಸಿ, ಬೂದುಗುಂಬಳ ನಿವಾಳಿಸಿ ಒಡೆದದ್ದಾಗಿತ್ತು. ಅಲ್ಲಿಗೆ ಸುಮ್ಮನಿರಬಹುದಿತ್ತು. ನಾನು, "ಅತ್ತೆ, ಹಿಂದ್ಗಡೆ ಬನ್ನಿ, ಹೊಸ ಲೈಟು ಹಾಕ್ಸಿದೀನಿ" ಎಂದೆ.

"ಹೊಸಾವಾ? ಮುಂಚೇನೇ ಹೇಳ್ಬಾರ್ದಾ ಕಣಪ್ಪ! ಪೂಜೆ ಇಲ್ದೇ ಅಷ್ಟು ದೂರದಿಂದ ಓಡಿಸ್ಕಂಡು ಬಂದ್ಬುಟ್ರಾ?" ಎನ್ನುತ್ತ ಅತ್ತೆ ಬಟ್ಟಲು ಹಿಡಿದು ಹಿಂದಕ್ಕೆ ಬಂದರು. ನಾನು ನೋಡುತ್ತಿದ್ದಂತೆಯೇ ಬಲದೀಪ ಹಳದಿಯಾಯಿತು.

"ಸ್ವಲ್ಪ ಸಾಕು ಅತ್ತೆ."

"ದೇವರ ಕೆಲಸಕ್ಕೆ ಸಾಕು ಅನ್ಬಾರ್ದು. ಇವೂ ಕಣ್ಣೇ ಅಲ್ವಾ? ಮುಂದಿನ ಕಣ್ಣಿಗೆ ಮಾಡಿ ಹಿಂದಿನ ಕಣ್ಣಿಗೆ ಬಿಟ್ರೆ ಅದು ಬೇಜಾರು ಮಾಡ್ಕಳಲ್ವಾ?" ಎಡದೀಪವೂ ಹಳದಿಯಾಯಿತು. ನಡುವೆ ಕುಂಕುಮ ಬಿತ್ತು. "ನೋಡು, ಈಗ ಲಕ್ಷಣವಾಗೈತೆ. ಇದನ್ನ ನೀವಾಗಿ ಒರೆಸಂಗಿಲ್ಲ. ತಾನಾಗೇ ಹೋಗ್ಬೇಕು."

ಬೆಳಕು ಚದುರುವ ಬಗೆಯನ್ನು ಬಲ್ಲವನು ಅಲ್ಲಿ ಒಂದು ಮಾತು ಹೇಳಬೇಕಾಗಿತ್ತು. ಆದರೆ ಹಬ್ಬದ ದಿನ ಅತ್ತೆಯ ಮನೆಯಲ್ಲಿ, ಹೊಟ್ಟೆಯಲ್ಲಿ ತುಪ್ಪ ಸುರಿದ ಹೋಳಿಗೆ ಇಟ್ಟುಕೊಂಡ ಅಳಿಯ ವಿಜ್ಞಾನಿಯಾಗಿರುವುದು ಕಷ್ಟ. ಇನ್ನು ತಾನಾಗೇ ಹೋಗುವುದೆಂದರೆ ಮಳೆ ಬಂದು ತೊಳೆದು ಹೋಗಬೇಕು. ನಮ್ಮ ಸೀಮೆಯಲ್ಲಿ ದಸರೆಗೆ ಇಟ್ಟ ಬೊಟ್ಟು ಯುಗಾದಿಗೆ ಹೊಸ ಪಂಚಾಂಗ ಕೇಳಿಕೊಂಡೇ ಹೋಗುವುದು.

ಮರುದಿನ ಊಟ ಮಾಡಿಕೊಂಡು ಹೊರಡುವುದೆಂದಿತ್ತು. ಊಟವಾದ ಮೇಲೆ ಕಾಫಿ, ಕಾಫಿಯಾದ ಮೇಲೆ ಡಬ್ಬಿಗಳಿಗೆ ತಿಂಡಿ ತುಂಬುವುದು, ತುಂಬಿದ ಮೇಲೆ ಮತ್ತೆ ಕಾಫಿ. ಹೊರಟಾಗ ಹೊತ್ತು ಇಳಿದಿತ್ತು. ದೂರದ ದಾರಿಗೆ ನಮ್ಮಲ್ಲಿ ರತ್ನಳೇ ಸಾರಥಿ. ನಾನು ಓಡಿಸಿದರೆ ಎತ್ತಿನಗಾಡಿಗೆ ಹಾರ್ನ್ ಇದ್ದಿದ್ದರೆ ಅದೂ ಹೊಡೆಯುತ್ತಿತ್ತು ಎಂಬುದು ಅವಳ ಅಭಿಪ್ರಾಯ. ತಾಯಿಯನ್ನು ನೋಡಲು ಅವಳು ಆಗಾಗ ಒಬ್ಬಳೇ ಹೋಗಿಬರುವ ದಾರಿ ಅದು, ಗುಂಡಿಗಳ ಪರಿಚಯವೂ ಚೆನ್ನಾಗಿದೆ. ಕಂಬದೂರು ದಾಟಿತು. ಸೂರ್ಯ ಮುಳುಗಿ ಆಕಾಶದಲ್ಲಿ ಮಾತ್ರ ಬೆಳಕು ಉಳಿದಿತ್ತು. ನನಗೆ ಅತ್ತೆ ಕೊಟ್ಟ ಚಕ್ಕುಲಿಯ ನೆನಪಾಯಿತು. ಡಬ್ಬಿ ಹಿಂದಿನ ಸೀಟಿನಲ್ಲಿತ್ತು. ಬೆಲ್ಟ್ ಬಿಚ್ಚಿ, ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ತಿರುಗಿ, ಡಬ್ಬಿ ತೆರೆದು, ರುಚಿ ನೋಡಲು ಒಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಅದೇ ಹೊತ್ತಿಗೆ ತಿರುವಿನಾಚೆ ಸೆಟ್ಟೂರು ಕಡೆಯ ಕುರಿಮಂದೆಯೊಂದು ರಸ್ತೆಗೆ ಇಳಿಯಿತು. ರತ್ನ ಬ್ರೇಕ್ ಒತ್ತಿದಳು.

ಅವಳಿಗೆ ಕಂಡದ್ದು ಕುರಿಗಳು. ಹಿಂದಿನ ಗಾಜಿನಲ್ಲಿ ನನಗೆ ಕಂಡದ್ದು ಲಾರಿ. ಅದರ ಎರಡೂ ಬದಿಗೆ ಬಾಳೆಕಂದು, ಮೂತಿಗೆ ಚೆಂಡುಹೂವಿನ ಹಾರ, ಹಣೆಗೆ ವಿಭೂತಿ ಪಟ್ಟೆ, ಕುಂಕುಮ. ದೇವರು ಎದುರಿಗೆ ಪ್ರತ್ಯಕ್ಷನಾಗುತ್ತಾನೆಂದು ಕೇಳಿದ್ದೆ, ಹಿಂದಿನಿಂದಲೂ ಬರಬಹುದೆಂದು ಯಾರೂ ಹೇಳಿರಲಿಲ್ಲ. ಗಾಜಿನ ಹಿಂದೆ ಡ್ರೈವರನ ಮುಖ ಕಾಣುತ್ತಿತ್ತು. ನಾನು ಇಂದಿಗೂ ನೋಡುವುದು ಆ ಮುಖವನ್ನೇ. ಕೆಂಪು ದೀಪ ಕಂಡ ಮನುಷ್ಯನ ಮುಖದಲ್ಲಿ ಏನೋ ಒಂದು ಬದಲಾಗಬೇಕು. ಆ ಮುಖ ಬದಲಾಗಲಿಲ್ಲ. ಎಲೆಯಡಿಕೆ ಜಗಿಯುತ್ತ ನೆಮ್ಮದಿಯಾಗಿ ನಮ್ಮ ಮೇಲೇ ಬರುತ್ತಿತ್ತು. ನಾನು ಕೂಗಬೇಕೆಂದುಕೊಂಡೆ. ಬಾಯಲ್ಲಿ ಚಕ್ಕುಲಿ ಇತ್ತು. ಕಚ್ಚಿ ಮುರಿಯಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಆಮೇಲೆ ಡ್ರೈವರನು ಜಗಿಯುವುದು ನಿಂತಿತು. ಕಣ್ಣು ಅಗಲವಾದವು. ಲಾರಿ ಒಂದು ಕಡೆಗೆ ವಾಲಿ, ಕಿರುಚಿ, ರಸ್ತೆ ಬಿಟ್ಟು ಎಡಗಡೆಯ ಮಣ್ಣಿಗಿಳಿದು, ನಮ್ಮ ಪಕ್ಕವನ್ನು ಬಾಳೆಕಂದಿನಲ್ಲಿ ಸವರಿಕೊಂಡು ಮುಂದೆ ಹೋಗಿ ಜಾಲಿಮರದ ಬುಡದಲ್ಲಿ ನಿಂತಿತು. ಧೂಳು ಬಂತು. ಧೂಳಿನೊಳಗಿಂದ ಕುರಿಗಳ ಕೂಗು ಬಂತು.

"ಎಷ್ಟೊಂದು ಕುರಿ, ನೋಡಿದ್ರಾ?" ಎಂದಳು ರತ್ನ.

ನಾನು ಹಾಗೇ ಮೊಣಕಾಲ ಮೇಲಿದ್ದೆ, ಬಾಯಲ್ಲಿ ಚಕ್ಕುಲಿ. ಅವಳು ನನ್ನ ಕಡೆ ತಿರುಗಿದಾಗ ಪಕ್ಕದ ಕನ್ನಡಿಗೆ ಸಿಕ್ಕಿಕೊಂಡಿದ್ದ ಹರಿದ ಬಾಳೆಲೆ ಕಣ್ಣಿಗೆ ಬಿತ್ತು. ಅದನ್ನು ನೋಡಿದಳು, ಮುಂದೆ ನಿಂತ ಲಾರಿಯನ್ನು ನೋಡಿದಳು, ಮತ್ತೆ ಎಲೆಯನ್ನು ನೋಡಿದಳು.

ಡ್ರೈವರು ಪಂಚೆ ಎತ್ತಿ ಕಟ್ಟಿಕೊಳ್ಳುತ್ತ ಬಂದ. ನಡು ವಯಸ್ಸು, ಬರುವಾಗಲೇ ದನಿ ಏರಿಸಿದ್ದ. "ಏನಮ್ಮಾ! ಬ್ರೇಕ್ ಹೊಡೆದ್ರೆ ಹಿಂದೆ ಲೈಟ್ ಬರಬೇಕಾ ಬ್ಯಾಡ್ವಾ? ನಮ್ಮನ್ನೂ ಸಾಯ್ಸಿ ನೀವೂ ಸಾಯೋಕೆ ಮನೆಯಿಂದ ಹೊರಟಿದ್ರಾ?"

"ಲೈಟ್ ಬಂದೈತೆ ಕಣಣ್ಣ. ಮೊನ್ನೆ ಹಾಕ್ಸಿದ ಹೊಸಾ ಲೈಟು."

"ಎಕ್ಕಡಮ್ಮಾ? ಎಲ್ಲಿ ಬಂದೈತೆ ತೋರ್ಸು!" ಎಂದು ಅವನು ಕಾರಿನ ಹಿಂದಕ್ಕೆ ನಡೆದ. ನಾವೂ ಇಳಿದು ಹೋದೆವು. ಬೈಯಲು ಎತ್ತಿದ ಅವನ ಕೈ, ಎರಡು ಹಳದಿ ವೃತ್ತಗಳನ್ನೂ ನಡುವಿನ ಕುಂಕುಮವನ್ನೂ ಕಂಡದ್ದೇ ತಾನಾಗಿ ಕೆಳಗಿಳಿಯಿತು. ದೀಪವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಒತ್ತಿಕೊಂಡ ಮೇಲೆ ಸಿಟ್ಟು ನೆನಪಾಯಿತು.

"ಪೂಜೆ ಮಾಡೋರು ಲೈಟಿಗೆ ಬಳೀತಾರಾ ಅಮ್ಮಾ? ಬುದ್ಧಿ ಬ್ಯಾಡ್ವಾ?"

ರತ್ನ ಲಾರಿಯ ಕಡೆ ಕೈ ತೋರಿಸಿದಳು. ಅದು ನಮ್ಮ ಮುಂದೆ ನಿಂತಿದ್ದರಿಂದ ಅದರ ಹಿಂಭಾಗ ನಮಗೆ ಚೆನ್ನಾಗಿ ಕಾಣುತ್ತಿತ್ತು. ಎರಡೂ ದೀಪಗಳಿಗೆ ದಪ್ಪನೆಯ ಅರಿಶಿನ, ಮೇಲೆ ಕುಂಕುಮ. ನಂಬರ್ ಪ್ಲೇಟಿಗೂ ಬಿಟ್ಟಿರಲಿಲ್ಲ. ಡ್ರೈವರು ಅದನ್ನು ಬೇರೆ ಯಾರದೋ ಲಾರಿಯೆಂಬಂತೆ ನೋಡಿದ.

"ಅದು ನಮ್ಮನೇ ಹೆಂಗಸ್ರು ಮಾಡಿದ್ದು. ನಾನು ಬ್ಯಾಡ ಅಂದೆ."

"ಅಂದ್ಯಾ?" ಎಂದಳು ರತ್ನ.

ಅವನು ಸ್ವಲ್ಪ ಯೋಚಿಸಿದ. "ಅಂದ್ಕಂಡೆ" ಎಂದ.

ಅವನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಸಂಜೆ ನನಗೆ ಸಿಕ್ಕ ಒಬ್ಬನೇ ಬಂಧು ಅವನು.

ಈಗ ಪ್ರಶ್ನೆ ಎದ್ದದ್ದು ಒರೆಸುವವರು ಯಾರು ಎಂದು. ಕತ್ತಲಾಗುತ್ತಿತ್ತು, ಹೀಗೇ ಮುಂದೆ ಹೋಗುವಂತಿರಲಿಲ್ಲ. "ನೀವೇ ಒರೆಸ್ರಿ ಸಾರ್, ಓದಿದೋರು" ಎಂದ ಡ್ರೈವರು. ನಾನು ಕರವಸ್ತ್ರ ತೆಗೆದೆ. ಬಿಚ್ಚಿದೆ. ಸಾಯುವುದರಿಂದ ಈಗಷ್ಟೇ ತಪ್ಪಿಸಿಕೊಂಡವನಿಗೆ ದೇವರ ಕುಂಕುಮ ಒರೆಸುವ ಧೈರ್ಯ ಎಲ್ಲಿಂದ ಬರಬೇಕು? ಮಡಿಸಿ ಮತ್ತೆ ಜೇಬಿಗೆ ಹಾಕಿಕೊಂಡೆ. "ಗಾಡಿ ನಿಮ್ಮದೂ ಇದೆಯಲ್ಲ, ನೀವು ಶುರು ಮಾಡಿ" ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

ರತ್ನ ಕಾರಿನಿಂದ ನೀರಿನ ಬಾಟಲಿ ತಂದಳು. "ಅಮ್ಮ ಏನಂದ್ಲು? ನಾವಾಗಿ ಒರೆಸಂಗಿಲ್ಲ. ಮಳೆ ಬಂದು ಹೋದ್ರೆ ತಪ್ಪಿಲ್ಲ, ಅಲ್ವಾ?" ಎಂದು ಕೈಯನ್ನು ಎಷ್ಟು ಎತ್ತಬಹುದೋ ಅಷ್ಟು ಎತ್ತಿ, ಬಾಟಲಿ ಬಗ್ಗಿಸಿದಳು. ನೀರು ಮೇಲಿನಿಂದ ಬಿತ್ತು. ಡ್ರೈವರು ಮೋಡ ಕಟ್ಟಿದೆಯೇ ಎಂದು ನೋಡುವವನಂತೆ ಆಕಾಶದ ಕಡೆ ಮುಖ ಮಾಡಿದ. ಅರಿಶಿನ ಕರಗಿ ಬಂಪರಿನ ಮೇಲೆ ಹರಿಯಿತು, ಕುಂಕುಮ ಅದರ ಹಿಂದೆ ಹೋಯಿತು, ಅಡಿಯಿಂದ ದಾಳಿಂಬೆ ಕೆಂಪು ಹೊರಬಂತು. ಅದು ಮುಗಿದ ಮೇಲೆ ಅವನು ತನ್ನ ಲಾರಿಯಿಂದ ನೀರಿನ ಕ್ಯಾನು ಹೊತ್ತು ತಂದು, ದನಿ ತಗ್ಗಿಸಿ, "ಅಕ್ಕಾ, ನಮ್ ಗಾಡಿಗೂ ಒಂದೀಟು ಮಳೆ ಬರ್ಲಿ" ಎಂದ. ಅಲ್ಲಿಯೂ ಮಳೆಯಾಯಿತು. ಅದು ಎತ್ತರದ ಗಾಡಿಯಾದ್ದರಿಂದ ಮಳೆ ನನ್ನ ಮೇಲೂ ಬಿತ್ತು.

ರತ್ನ ಹೋಗಿ ಬ್ರೇಕ್ ಒತ್ತಿದಳು. ನಾನು ಹಿಂದೆ ನಿಂತಿದ್ದೆ. ನನ್ನ ಬಿಳಿ ಅಂಗಿಯೆಲ್ಲ ಕೆಂಪಾಯಿತು. ಡ್ರೈವರು ಲೈಟು ಬಂತು ಎಂದು ಕೈ ಎತ್ತಿ ಐದು ಬೆರಳು ಮುಚ್ಚಿ ತೆರೆದು ತೋರಿಸಿ ಹೊರಟುಹೋದ. ಈ ಸಲ ನಾನು ಕೈ ಬೀಸಲಿಲ್ಲ.

ರತ್ನ ಆ ಸಂಗತಿಯನ್ನು ಹಿಂದೂಪುರ ತಲುಪುವುದರೊಳಗೆ ಮುಗಿಸಿಬಿಟ್ಟಳು. ದಾರಿಯಲ್ಲಿ ಒಂದೇ ಸಲ, "ತೀರಾ ಹತ್ರ ಬಂದಿತ್ತಾ?" ಎಂದು ಕೇಳಿದಳು. "ಅಷ್ಟೇನಿಲ್ಲ" ಎಂದೆ. ಅವಳು ಈ ದಾರಿಯಲ್ಲಿ ಇನ್ನೂ ಎಷ್ಟೋ ಸಲ ಒಬ್ಬಳೇ ಹೋಗಿಬರಬೇಕು. ನೋಡಿದ್ದು ನಾನು, ಅದು ನನ್ನ ಹತ್ತಿರವೇ ಇರಲಿ ಎಂದುಕೊಂಡೆ. ಅದು ಇದೆ. ಪಾಠದ ನಡುವೆ ಹಲಗೆಯ ಕಡೆ ತಿರುಗಿದರೆ ಬೆನ್ನ ಹಿಂದೆ ಚೆಂಡುಹೂವಿನ ಹಾರ ಬರುತ್ತದೆ. ಸಭೆಗಳಲ್ಲಿ ಗೋಡೆಗೆ ಅಂಟಿದ ಕುರ್ಚಿಯೇ ಬೇಕು. ರಾತ್ರಿ ಕಣ್ಣು ಮುಚ್ಚಿದರೆ ಕೆಲವು ಸಲ ಡ್ರೈವರನ ಆ ಮುಖ ಬೇಗ ಬದಲಾಗುತ್ತದೆ, ಕೆಲವು ಸಲ ಬದಲಾಗುವುದೇ ಇಲ್ಲ. ಬದಲಾಗದ ದಿನ ಎದ್ದು ಹೋಗಿ ನೀರು ಕುಡಿದು, ಮಲಗಿರುವ ರತ್ನಳನ್ನು ನೋಡಿ ಬರುತ್ತೇನೆ. ಅಂದಿನಿಂದ ಚಕ್ಕುಲಿ ಮುಟ್ಟಿಲ್ಲ.

ಅತ್ತೆಗೆ ಫೋನಿನಲ್ಲಿ ಅರ್ಧ ಮಾತ್ರ ಹೇಳಿದೆವು. ಅವರು ಗಾಬರಿಯಾದರು, ಆಮೇಲೆ ಗಂಭೀರವಾದರು. "ಕುಂಕುಮ ಇಟ್ಟಿದ್ದಕ್ಕೇ ಕಣಪ್ಪ ಲಾರಿ ಪಕ್ಕಕ್ಕೆ ತಿರುಗಿದ್ದು. ಇಲ್ದಿದ್ರೆ ಏನ್ ಗತಿ?"

"ಅತ್ತೆ, ಕುಂಕುಮ ಇದ್ದಿದ್ದಕ್ಕೇ ಅದು ಅಷ್ಟು ಹತ್ರ ಬಂದಿದ್ದು."

"ಬಂದಿದ್ದು ಲಾರಿ. ತಿರುಗ್ಸಿದ್ದು ಕುಂಕುಮ. ನೀನು ಓದಿದೋನು, ಅಷ್ಟು ತಿಳಿಯಾಕಿಲ್ವಾ?"

ಬೆಳಕಿನ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ನೆನೆಸಿಕೊಂಡೆ. ಅದನ್ನೆಲ್ಲ ಬದಿಗಿಟ್ಟು ರಾಜಿಗೆ ಇಳಿದೆ. ಮುಂದಿನ ವರ್ಷ ಬೊಟ್ಟನ್ನು ಡಿಕ್ಕಿಯ ಬಾಗಿಲಿಗೆ ಮಾತ್ರ ಇಡಬೇಕೆಂದು ಒಪ್ಪಿಸುವ ಹೊತ್ತಿಗೆ ನನ್ನ ಫೋನು ಬಿಸಿಯಾಗಿತ್ತು. "ಅಲ್ಲಿ ಯಾರಿಗೆ ಕಾಣ್ಸತ್ತೆ?" ಎಂಬುದು ಅವರ ಬೇಸರ.

ಈಗ ಕಾರು ಎಲ್ಲಿಗೇ ಹೊರಡಲಿ, ಮೊದಲು ನಾನು ಹಿಂದಕ್ಕೆ ಹೋಗುತ್ತೇನೆ. ಅದಕ್ಕೆಂದೇ ಮೆತ್ತನೆಯ ಹಳದಿ ಬಟ್ಟೆಯೊಂದು ಇದೆ, ಬೇರೆ ಯಾವುದಕ್ಕೂ ಅದನ್ನು ಬಳಸಲು ಬಿಡುವುದಿಲ್ಲ. ಎಡದೀಪ ಒರೆಸಿ, ಬಲದೀಪ ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು, "ಒತ್ತು" ಎನ್ನುತ್ತೇನೆ. ಎರಡೂ ಉರಿದ ಮೇಲೆ ಬಟ್ಟೆ ಮಡಿಸಿ ಇಡುತ್ತೇನೆ. ಇದರಲ್ಲಿ ವಿಜ್ಞಾನವಲ್ಲದೆ ಬೇರೇನೂ ಇಲ್ಲ ಎಂದುಕೊಂಡಿದ್ದೆ. ಮೊನ್ನೆ ಹೀಗೇ ಒರೆಸಿ ನಿಂತಿದ್ದಾಗ ರತ್ನ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕೂಗಿದಳು:

"ರೀ, ಪೂಜೆ ಮುಗೀತಾ? ಬ್ರೇಕ್ ಒತ್ತಿ ಒತ್ತಿ ಕಾಲು ನೋಯ್ತೈತೆ."

ಬೈಯೋಣವೆಂದು ಬಾಯಿ ತೆರೆದೆ. ನನ್ನ ಬಲಗೈ ಆಗಷ್ಟೇ ದೀಪವನ್ನು ಮುಟ್ಟಿ ಕಣ್ಣಿನ ಹತ್ತಿರ ಬಂದಿತ್ತು.